ಕಾರಿಗೂ ಬೋಟಿಗೂ ಒಂದೇ ಜಿಪಿಎಸ್ ಡಬ್ಬಿ: ಕಟ್ಟಿದ ಬಗೆ, ಕೈಕೊಟ್ಟ ಕಡೆ

ಡಬ್ಬಿ ಈಗ ಕೆಲಸ ಮಾಡುತ್ತಿದೆ. ಕಾರಿನಲ್ಲಿ ಟ್ಯಾಬ್ಲೆಟ್‌ಗೆ ವೈಫೈ ಮೂಲಕ ಸ್ಥಾನ ಕಳಿಸುತ್ತದೆ, ಬೋಟಿನಲ್ಲಿ ಹಳೆಯ ಚಾರ್ಟ್ ಪ್ಲಾಟರ್‌ಗೆ (ಸಮುದ್ರದ ನಕ್ಷೆ ಮೇಲೆ ಬೋಟಿನ ಸ್ಥಾನ ತೋರಿಸುವ ಪರದೆ) ವೈರ್ ಮೂಲಕ. ಉಪಗ್ರಹದ ಸಿಗ್ನಲ್ ಹಿಡಿದು ಸ್ಥಾನ ಲೆಕ್ಕ ಹಾಕುವ ಒಂದೇ ರಿಸೀವರ್, ಎರಡು ಆಂಟೆನಾ, ಮುಖದ ಮೇಲೆ ಒಂದು ಸ್ವಿಚ್. ಇದೇ ಥರದ್ದನ್ನು ಕಟ್ಟಲು ಹೊರಟವರಿಗೆ ಅನುಕೂಲ ಆಗಲಿ ಅಂತ ಮಾಡಿದ್ದನ್ನು ಕ್ರಮವಾಗಿ ಬರೆದಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಯಾವ ಚಿಪ್ ಕೊಳ್ಳೋದು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಆಂಟೆನಾ ಎಲ್ಲಿ ಕೂರುತ್ತದೆ, ರಿಸೀವರ್‌ಗೆ ಯಾವ ಮೋಡ್ (ಕಾರಿಗೋ ಬೋಟಿಗೋ ಅನ್ನೋ ಸೆಟ್ಟಿಂಗ್) ಕೊಟ್ಟಿದ್ದೀರಿ, ಈ ಎರಡರಲ್ಲೇ ಮುಕ್ಕಾಲು ಪಾಲು ಕೆಲಸ ಇರೋದು.

ಯಾಕೆ ಬೇಕಾಯಿತು

ಕಾರಿನ ಟ್ಯಾಬ್ಲೆಟ್ ವೈಫೈ ಮಾತ್ರ ಇರೋ ಮಾದರಿ, ಅದರೊಳಗೆ ಜಿಪಿಎಸ್ ಇಲ್ಲ. ಫೋನ್ ಇದೆ ಅಲ್ವಾ ಅಂದರೆ, ಇದೆ. ಆದರೆ ಈ ಕಾರಿನ ಮುಂಗಾಜಿಗೆ ಬಿಸಿಲು ತಡೆಯುವ ಲೋಹದ ಲೇಪ ಇದೆ. ಅದು ಬಿಸಿಲಿನ ಜೊತೆಗೆ ಉಪಗ್ರಹದ ಸಿಗ್ನಲ್ಲನ್ನೂ ತಡೆಯುತ್ತದೆ. ಡ್ಯಾಶ್‌ಬೋರ್ಡ್ ಮೇಲಿಟ್ಟ ಫೋನು ತಿರುವು ದಾಟಿದ ಮೇಲೆ ತಿರುವು ಹೇಳುತ್ತದೆ. ಬಿಸಿಲು ಏರಿದರೆ ಫೋನೇ ಕಾದು ಆಫ್ ಆಗುತ್ತದೆ.

ಬೋಟು ಸಣ್ಣದು, ಫೈಬರ್‌ದು, ಹಿಂದೆ ಔಟ್‌ಬೋರ್ಡ್ ಇಂಜಿನ್. ಅದರ ಪ್ಲಾಟರ್‌ನ ಪರದೆ ಚೆನ್ನಾಗಿದೆ, ನಕ್ಷೆಗಳೂ ಇವೆ. ರಿಸೀವರ್ ಮಾತ್ರ ತೀರಾ ಹಳೆಯದು. ಜಿಪಿಎಸ್ ವಾರಗಳನ್ನು 10 ಬಿಟ್‌ನಲ್ಲಿ ಎಣಿಸುತ್ತದೆ. 1024 ವಾರ ಆದ ಕೂಡಲೇ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. 2019ರ ಏಪ್ರಿಲ್ 6ರ ರಾತ್ರಿ ಹಾಗಾಯಿತು. ಅದಕ್ಕೆ ತಯಾರಿಲ್ಲದ ರಿಸೀವರ್‌ಗಳು ತಾರೀಖನ್ನು ಹತ್ತೊಂಬತ್ತೂವರೆ ವರ್ಷ ಹಿಂದಕ್ಕೆ ಒಯ್ಯುತ್ತವೆ. ಈ ಪ್ಲಾಟರ್‌ದೂ ಅದೇ ಪಾಡು. ಸ್ಥಾನ ಸರಿಯಾಗಿದ್ದರೂ ತಾರೀಖು ತಪ್ಪಿದರೆ ಉಬ್ಬರ ಇಳಿತದ ಪುಟ ಪೂರ್ತಿ ತಪ್ಪು. ಆಳ ಕಡಿಮೆ ಇರೋ ಅಳಿವೆ ದಾಟುವಾಗ ಅದು ಸಣ್ಣ ವಿಷಯ ಅಲ್ಲ. ಮೇಲಾಗಿ ಉಪ್ಪುಗಾಳಿಗೆ ಅದರ ಆಂಟೆನಾ ಕನೆಕ್ಟರ್ ಹಸಿರುಗಟ್ಟಿತ್ತು.

ಸಾಮಾನು

ಯು-ಬ್ಲಾಕ್ಸ್ ಎಂ8 ಸರಣಿಯ ರಿಸೀವರ್ ಬೋರ್ಡ್, ಆಂಟೆನಾ ತಿರುಗಿಸಿ ಕೂರಿಸುವ ಎಸ್‌ಎಂಎ ಕನೆಕ್ಟರ್ ಇರೋದು. ಇಎಸ್‌ಪಿ32 ಬೋರ್ಡ್, ಅಂದರೆ ವೈಫೈ ಇರೋ, ಪ್ರೋಗ್ರಾಂ ಓಡಿಸುವ ಪುಟ್ಟ ಬೋರ್ಡ್. ಸೀರಿಯಲ್ (ಒಂದೊಂದೇ ಬಿಟ್ ಆಗಿ ಡೇಟಾ ಸಾಗುವ) ವೈರಿನ ವೋಲ್ಟೇಜ್ ಮಟ್ಟ ಬದಲಿಸಲು ಮ್ಯಾಕ್ಸ್3232 ಚಿಪ್. 12 ವೋಲ್ಟನ್ನು 5ಕ್ಕೆ ಇಳಿಸಲು ಎಲ್‌ಎಂ2596 ಬಕ್ ಕನ್ವರ್ಟರ್. ಅಯಸ್ಕಾಂತದ ತಳ ಇರೋ ಆ್ಯಕ್ಟಿವ್ (ಒಳಗೇ ಆಂಪ್ಲಿಫೈಯರ್ ಇರೋ) ಆಂಟೆನಾ ಎರಡು, 3 ಮೀಟರ್ ಕೇಬಲ್‌ದು. ರಬ್ಬರ್ ಗ್ಯಾಸ್ಕೆಟ್ ಇರೋ ಪ್ಲಾಸ್ಟಿಕ್ ಡಬ್ಬಿ, ಪಿಜಿ7 ಕೇಬಲ್ ಗ್ಲ್ಯಾಂಡ್, 1 ಆಂಪಿಯರ್ ಫ್ಯೂಸ್, ಮೂರು ಸ್ಥಾನದ ಟಾಗಲ್ ಸ್ವಿಚ್. ಕೈಗೆ ಬೇಕಾದದ್ದು ಬೆಸುಗೆ ಕಡ್ಡಿ, ಮಲ್ಟಿಮೀಟರ್, ಡ್ರಿಲ್, ಯುಎಸ್‌ಬಿ-ಸೀರಿಯಲ್ ಅಡಾಪ್ಟರ್. ಹಣ ಉಳಿಸಬೇಕಾದರೆ ಚಿಪ್‌ನಲ್ಲಿ ಉಳಿಸಿ, ಆಂಟೆನಾದಲ್ಲಿ ಬೇಡ.

ಹಂತ 1: ಮೇಜಿನ ಮೇಲೆ

ಬೋರ್ಡನ್ನು ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಮೂಲಕ ಲ್ಯಾಪ್‌ಟಾಪ್‌ಗೆ ಚುಚ್ಚಿ, ಆಂಟೆನಾವನ್ನು ಕಿಟಕಿಯ ಹೊರಗಿಟ್ಟೆ. ಮೊದಲ ಸಲ ಸ್ಥಾನ ಸಿಗಲು ಅರ್ಧ ನಿಮಿಷ ಹಿಡಿಯುತ್ತದೆ. ಉಪಗ್ರಹ ತನ್ನ ಕಕ್ಷೆಯ ವಿವರವನ್ನು ಸೆಕೆಂಡಿಗೆ 50 ಬಿಟ್‌ನಂತೆ 30 ಸೆಕೆಂಡಿಗೊಮ್ಮೆ ಹೇಳುತ್ತದೆ. ಅದನ್ನು ಪೂರ್ತಿ ಕೇಳಿಸಿಕೊಳ್ಳದೆ ರಿಸೀವರ್ ಏನೂ ಮಾಡಲಾಗದು.

ಇಲ್ಲೇ ಮೊದಲ ಕಾಟ ಎದುರಾಯಿತು. ಲ್ಯಾಪ್‌ಟಾಪ್ ಶುರುವಾದಾಗ ಮೌಸ್ ಬಾಣ ತನ್ನಷ್ಟಕ್ಕೆ ಪರದೆ ತುಂಬ ಹಾರಾಡಿತು, ಸಿಕ್ಕಿದ್ದನ್ನೆಲ್ಲ ಕ್ಲಿಕ್ ಮಾಡಿತು. ವೈರಸ್ ಅಂತ ಹೆದರಬೇಡಿ. ವಿಂಡೋಸ್ ಶುರುವಾಗುವ ಹೊತ್ತಿಗೆ ಸೀರಿಯಲ್ ಪೋರ್ಟ್‌ನಲ್ಲಿ ಡೇಟಾ ಹರಿಯುತ್ತಿದ್ದರೆ, ಅದು ಜಿಪಿಎಸ್ ಅನ್ನು ಹಳೇ ಕಾಲದ ಸೀರಿಯಲ್ ಮೌಸ್ ಅಂದುಕೊಳ್ಳುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಮೌಸ್ ಪಟ್ಟಿ ತೆರೆದು 'ಸೀರಿಯಲ್ ಬಾಲ್‌ಪಾಯಿಂಟ್' ಅನ್ನೋದನ್ನು ಡಿಸೇಬಲ್ ಮಾಡಬೇಕು. ಅನ್‌ಇನ್‌ಸ್ಟಾಲ್ ಮಾಡಿದರೆ ಮುಂದಿನ ಸಲ ಮತ್ತೆ ಬರುತ್ತದೆ.

ಬರೋ ಡೇಟಾ ಎನ್‌ಎಂಇಎ 0183 ಸಾಲುಗಳು, ಅಂದರೆ ಬೋಟಿನ ಉಪಕರಣಗಳು ತಮ್ಮತಮ್ಮಲ್ಲಿ ಮಾತಾಡುವ ಅಕ್ಷರ ರೂಪದ ಸಾಲುಗಳು. ನಮಗೆ ಮುಖ್ಯವಾದವು ನಾಲ್ಕು. ಆರ್‌ಎಂಸಿಯಲ್ಲಿ ಸ್ಥಾನ, ವೇಗ, ದಿಕ್ಕು, ತಾರೀಖು ಇರುತ್ತವೆ. ಜಿಜಿಎಯಲ್ಲಿ ಎತ್ತರ ಮತ್ತು ಉಪಗ್ರಹಗಳ ಸಂಖ್ಯೆ. ವಿಟಿಜಿಯಲ್ಲಿ ವೇಗ. ಜಿಎಸ್‌ವಿಯಲ್ಲಿ ಪ್ರತಿ ಉಪಗ್ರಹದ ಸಿಗ್ನಲ್ ಬಲ. ಆರ್‌ಎಂಸಿಯಲ್ಲಿ 'ಎ' ಇದ್ದರೆ ಸ್ಥಾನ ನಂಬಬಹುದು, 'ವಿ' ಇದ್ದರೆ ನಂಬಬಾರದು.

ಅಕ್ಷಾಂಶ ಓದುವಾಗ ಎಚ್ಚರ. ಸಾಲಿನಲ್ಲಿ 2030.6000 ಅಂತ ಇದ್ದರೆ ಅದು 20 ಡಿಗ್ರಿ 30.6 ಮಿನಿಟ್, ಅಂದರೆ 20.51 ಡಿಗ್ರಿ. ನನ್ನ ಪ್ರೋಗ್ರಾಂನ ಮೊದಲ ರೂಪ ಅದನ್ನು 20.306 ಅಂತ ಓದಿತು. ವ್ಯತ್ಯಾಸ 12.24 ಮಿನಿಟ್. ಅಕ್ಷಾಂಶದ ಒಂದು ಮಿನಿಟ್ ಅಂದರೆ ಒಂದು ನಾಟಿಕಲ್ ಮೈಲಿ, 1852 ಮೀಟರ್. ಲೆಕ್ಕ ಹಾಕಿದರೆ 22 ಕಿಲೋಮೀಟರ್‌ಗೂ ಜಾಸ್ತಿ ತಪ್ಪು. ಮೊದಲ ಎರಡು ಅಂಕಿ ಡಿಗ್ರಿ, ಉಳಿದ 30.6 ಮಿನಿಟನ್ನು ಅರವತ್ತರಿಂದ ಭಾಗಿಸಿ ಅದಕ್ಕೆ ಸೇರಿಸಬೇಕು.

ಹಂತ 2: ಕಾರಿನಲ್ಲಿ ಆಂಟೆನಾಗೆ ಜಾಗ ಹುಡುಕಿದ್ದು

ಎಷ್ಟು ಉಪಗ್ರಹ ಕಾಣುತ್ತವೆ ಅಂತ ಎಣಿಸುತ್ತಾ ಕೂರಬೇಡಿ. ಜಿಎಸ್‌ವಿ ಸಾಲಿನ ಸಿಗ್ನಲ್ ಬಲ ನೋಡಿ. ಅದು ಡಿಬಿ-ಹರ್ಟ್ಸ್‌ನಲ್ಲಿ ಇರುತ್ತದೆ. ತಲೆ ಮೇಲಿರೋ ಉಪಗ್ರಹಗಳು 45ರ ಆಸುಪಾಸಿನಲ್ಲಿದ್ದರೆ ಬಹಳ ಚೆನ್ನಾಗಿದೆ, 40 ಇದ್ದರೆ ಪರವಾಗಿಲ್ಲ, 30ರ ಕೆಳಗೆ ಬಂದರೆ ಜಾಗ ಬದಲಿಸಿ. ನಾನು ಪ್ರತಿ ಜಾಗದಲ್ಲೂ ಹತ್ತು ನಿಮಿಷ ಲಾಗ್ ತೆಗೆದು, ಅತಿ ಬಲವಾದ ನಾಲ್ಕು ಉಪಗ್ರಹಗಳನ್ನು ಮಾತ್ರ ಹೋಲಿಸಿದೆ.

ಡ್ಯಾಶ್‌ಬೋರ್ಡ್ ಮೇಲೆ, ಲೇಪದ ಗಾಜಿನ ಕೆಳಗೆ ಸಿಕ್ಕಿದ್ದು 28ರಿಂದ 30. ಒಳಗಿನ ಕನ್ನಡಿಯ ಹಿಂದೆ ಗಾಜಿನಲ್ಲಿ ಕಪ್ಪು ಚುಕ್ಕಿಗಳ ಒಂದು ಪಟ್ಟಿ ಇರುತ್ತದೆ ನೋಡಿ, ಕೆಲವು ಕಾರುಗಳಲ್ಲಿ ಅಲ್ಲಿ ಲೋಹದ ಲೇಪ ಹಾಕಿರೋದಿಲ್ಲ. ಟೋಲ್ ಟ್ಯಾಗ್ ಓದಲಿ ಅಂತ ಬಿಟ್ಟ ಜಾಗ ಅದು. ಅಲ್ಲಿ 37ರಿಂದ 39 ಬಂತು. ಚಾವಣಿಯ ಮೇಲೆ, ಮಧ್ಯದಲ್ಲಿ 45ರಿಂದ 47. ಕಬ್ಬಿಣದ ಚಾವಣಿ ಆಂಟೆನಾಗೆ ಒಳ್ಳೆಯ ನೆಲೆ. ಇಂಥ 25 ಮಿಮೀ ಚೌಕದ ಸೆರಾಮಿಕ್ ಆಂಟೆನಾ ಕೆಳಗೆ ಲೋಹದ ಹಾಳೆ ಇದ್ದರೆ ಮಾತ್ರ ಪೂರ್ತಿ ಕೆಲಸ ಮಾಡುತ್ತದೆ.

ಕೇಬಲ್ ಆರ್‌ಜಿ174, ತುಂಬಾ ತೆಳ್ಳಗಿನದು. ಹಿಂದಿನ ಬಾಗಿಲಿನ ರಬ್ಬರ್ ಸಂದಿಯಿಂದ ಒಳಗೆ ತಂದೆ. ಬಾಗಿಲ ಲಾಚ್ ಹತ್ತಿರ ತಂದರೆ ಜಜ್ಜಿ ಹೋಗುತ್ತದೆ, ಹಿಂಜಿನ ಕಡೆಯ ಮೇಲಿನ ಮೂಲೆಯಲ್ಲಿ ತನ್ನಿ. ಈ ಕೇಬಲ್‌ನಲ್ಲಿ ಮೀಟರಿಗೆ ಸುಮಾರು 1 ಡಿಬಿ ಸೋರಿಕೆ ಇದೆ. ಆಂಟೆನಾದೊಳಗಿನ ಆಂಪ್ಲಿಫೈಯರ್ ಅದನ್ನು ಮೀರಿಸುತ್ತದೆ, ಹಾಗಾಗಿ 3 ಮೀಟರ್‌ಗೆ ಚಿಂತೆ ಇಲ್ಲ. ಆ ಆಂಪ್ಲಿಫೈಯರ್‌ಗೆ ವಿದ್ಯುತ್ ಬರೋದು ಅದೇ ಕೇಬಲ್‌ನಲ್ಲಿ. ಸಿಗ್ನಲ್ ಪೂರ್ತಿ ಸತ್ತಂತೆ ಕಂಡರೆ ಮೊದಲು ಬೋರ್ಡಿನ ಎಸ್‌ಎಂಎ ನಡುಪಿನ್‌ನಲ್ಲಿ 3 ವೋಲ್ಟ್ ಚಿಲ್ಲರೆ ಇದೆಯಾ ಅಂತ ಮಲ್ಟಿಮೀಟರ್‌ನಿಂದ ನೋಡಿ.

ಚಾವಣಿಯ ಮೇಲಿದ್ದರೂ ಒಮ್ಮೊಮ್ಮೆ ಬಲ 6 ಡಿಬಿ ಕುಸಿಯುತ್ತಿತ್ತು. ಕಾರಣ ಹುಡುಕಲು ಇಂಜಿನ್ ಆಫ್ ಮಾಡಿ, ಒಳಗಿರೋ ಎಲ್ಲ ಉಪಕರಣಗಳನ್ನೂ ಕಿತ್ತು, ಒಂದೊಂದಾಗಿ ಮತ್ತೆ ಚುಚ್ಚುತ್ತಾ ಹೋದೆ. ಡ್ಯಾಶ್‌ಕ್ಯಾಮ್ ಚುಚ್ಚಿದ ಕ್ಷಣ ಎಲ್ಲ ಉಪಗ್ರಹಗಳೂ ಒಟ್ಟಿಗೆ ಇಳಿದವು. ಎಲ್ಲವೂ ಒಟ್ಟಿಗೆ ಇಳಿದರೆ ಅದು ಪಕ್ಕದ ಉಪಕರಣ ಹೊರಡಿಸುವ ರೇಡಿಯೊ ಗದ್ದಲ. ಒಂದೇ ದಿಕ್ಕಿನವು ಮಾತ್ರ ಇಳಿದರೆ ಯಾವುದೋ ಮರೆ. ಆಂಟೆನಾ ಕೇಬಲ್ ಕ್ಯಾಮೆರಾದ ವೈರ್ ಜೊತೆ ಒಂದೇ ಸಂದಿಯಲ್ಲಿ ಹೋಗುತ್ತಿತ್ತು. ಎರಡನ್ನೂ ಬೇರೆ ಬೇರೆ ಬದಿಗೆ ಒಯ್ದು, ಕ್ಯಾಮೆರಾದ ವೈರಿಗೆ ಗದ್ದಲ ಹೀರುವ ಫೆರೈಟ್ ಕ್ಲಿಪ್ ಹಾಕಿದ ಮೇಲೆ ಕುಸಿತ 1 ಡಿಬಿಗೆ ಇಳಿಯಿತು. ಉಪಗ್ರಹ ಇರೋದು 20,200 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಂದ ಬರೋ ಸಿಗ್ನಲ್ ಎಷ್ಟು ಕ್ಷೀಣ ಅಂದರೆ, ಪಕ್ಕದ ಅಗ್ಗದ ಚಾರ್ಜರ್ ಕೂಡ ಅದನ್ನು ಮುಚ್ಚಿಹಾಕಬಲ್ಲದು.

ಹಂತ 3: ವಿದ್ಯುತ್

ಕಾರಿನ 12 ವೋಲ್ಟ್ ಹೆಸರಿಗೆ ಮಾತ್ರ 12. ಇಂಜಿನ್ ಓಡುವಾಗ 14.4 ಮುಟ್ಟುತ್ತದೆ, ಸ್ಟಾರ್ಟ್ ಮಾಡುವಾಗ ದಿಢೀರನೆ ಕೆಳಗಿಳಿಯುತ್ತದೆ. ಬ್ಯಾಟರಿ ಕಡೆಯಿಂದ ಕ್ರಮವಾಗಿ ಫ್ಯೂಸ್, ಉಲ್ಟಾ ಜೋಡಣೆ ತಡೆಯಲು ಶಾಟ್ಕಿ ಡಯೋಡ್, ಏರಿಳಿತ ಹೀರಲು ಟಿವಿಎಸ್ ಡಯೋಡ್, ಆಮೇಲೆ ಬಕ್ ಕನ್ವರ್ಟರ್. ಎಲ್‌ಎಂ2596 ಒಳಬರುವ 40 ವೋಲ್ಟ್‌ವರೆಗೆ ತಡೆಯುತ್ತದೆ. ಸಾಮಾನು ಜೋಡಿಸುವ ಮೊದಲೇ ಅದರ ಸ್ಕ್ರೂ ತಿರುಗಿಸಿ 5.0 ವೋಲ್ಟ್‌ಗೆ ಹೊಂದಿಸಿಕೊಳ್ಳಿ. ಹೊಸದಾಗಿ ಬಂದ ಬೋರ್ಡ್ ಎಷ್ಟಕ್ಕೆ ತಿರುಗಿಸಿಟ್ಟಿರುತ್ತದೆ ಅಂತ ಹೇಳಲಾಗದು.

ಮೊದಲ ಜೋಡಣೆಯಲ್ಲಿ ವೈಫೈ ಆನ್ ಆದಾಗಲೆಲ್ಲ ಇಎಸ್‌ಪಿ32 ರೀಸೆಟ್ ಆಗುತ್ತಿತ್ತು. ವೈಫೈ ಕಳಿಸೋ ಗಳಿಗೆಯಲ್ಲಿ ಅದು ಎಳೆಯುವ ಕರೆಂಟ್ ಜಾಸ್ತಿ, ವೈರ್ ತೆಳ್ಳಗಿತ್ತು. 5 ವೋಲ್ಟ್ ಕಡೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ವೈರ್ ದಪ್ಪ ಮಾಡಿದೆ. ಆಮೇಲೆ ತೊಂದರೆ ಬಂದಿಲ್ಲ. ಬಕ್ ಕನ್ವರ್ಟರನ್ನು ಡಬ್ಬಿಯ ಒಂದು ತುದಿಗೆ, ರಿಸೀವರನ್ನು ಇನ್ನೊಂದು ತುದಿಗೆ ಇಡಿ.

ಹಂತ 4: ಟ್ಯಾಬ್ಲೆಟ್‌ವರೆಗೆ ತಲುಪಿಸಿದ್ದು

ರಿಸೀವರ್‌ನ ಟಿಎಕ್ಸ್ (ಕಳಿಸುವ) ಪಿನ್ ಇಎಸ್‌ಪಿ32ರ 16ಕ್ಕೆ, ಆರ್‌ಎಕ್ಸ್ (ಪಡೆಯುವ) ಪಿನ್ 17ಕ್ಕೆ. ಎರಡೂ 3.3 ವೋಲ್ಟ್‌ನವು, ನೇರ ಜೋಡಿಸಬಹುದು. ಇಎಸ್‌ಪಿ32 ತಾನೇ ಒಂದು ವೈಫೈ ಹಾಟ್‌ಸ್ಪಾಟ್ ಆಗಿ ಎನ್‌ಎಂಇಎ ಸಾಲುಗಳನ್ನು ಪೋರ್ಟ್ 10110ರಲ್ಲಿ ಕಳಿಸುತ್ತದೆ. ಈ ಕೆಲಸಕ್ಕೆ ಮೀಸಲಾದ ಪೋರ್ಟ್ ಸಂಖ್ಯೆ ಅದು, ಬಹಳಷ್ಟು ನ್ಯಾವಿಗೇಷನ್ ಆ್ಯಪ್‌ಗಳು ಅದನ್ನೇ ನಿರೀಕ್ಷಿಸುತ್ತವೆ.

ಮೊದಲು ಟಿಸಿಪಿ ಬಳಸಿದೆ, ಪ್ರತಿ ಸಾಲೂ ತಲುಪುವವರೆಗೆ ಬಿಡದೆ ಕಳಿಸುವ ವಿಧಾನ ಅದು. ಟ್ಯಾಬ್ಲೆಟ್ ಸ್ವಲ್ಪ ಹೊತ್ತು ನಿದ್ದೆಗೆ ಹೋಗಿ ಎದ್ದರೆ, ತಡೆದು ನಿಂತಿದ್ದ ಹಳೆಯ ಸಾಲುಗಳೆಲ್ಲ ಒಟ್ಟಿಗೆ ನುಗ್ಗುತ್ತಿದ್ದವು. ಕಾರು ಹಿಂದೆಲ್ಲೋ ಇದ್ದಂತೆ ತೋರಿಸಿ, ಆಮೇಲೆ ಓಡಿಬಂದು ಸೇರಿಕೊಳ್ಳುತ್ತಿತ್ತು. ತಲುಪಿತೋ ಇಲ್ಲವೋ ನೋಡದೆ ಎಲ್ಲರಿಗೂ ಕಳಿಸುವ ಯುಡಿಪಿ ಬ್ರಾಡ್‌ಕಾಸ್ಟ್‌ಗೆ ಬದಲಿಸಿದೆ. ಅದರಲ್ಲಿ ಕಳೆದುಹೋದ ಸಾಲು ಕಳೆದುಹೋಗುತ್ತದೆ, ಅಷ್ಟೇ. ಸ್ಥಾನದ ವಿಷಯದಲ್ಲಿ ತಡವಾಗಿ ಬರೋ ಸಾಲಿಗಿಂತ ಬಾರದೇ ಇರೋ ಸಾಲು ವಾಸಿ.

ಇನ್ನೊಂದು ತಡೆ ವೇಗದ್ದು. ಗಂಟೆಗೆ 90 ಕಿಲೋಮೀಟರ್‌ನಲ್ಲಿ ಕಾರು ಸೆಕೆಂಡಿಗೆ 25 ಮೀಟರ್ ಹೋಗುತ್ತದೆ. ಸೆಕೆಂಡಿಗೊಂದು ಸ್ಥಾನ ಬಂದರೆ ಒತ್ತೊತ್ತಾಗಿರೋ ತಿರುವುಗಳಲ್ಲಿ ಸಾಲದು. ಹಾಗಾಗಿ 5 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ ಐದು ಸ್ಥಾನಕ್ಕೆ ಏರಿಸಿದೆ. ಕೂಡಲೇ ಸಾಲುಗಳು ಅಲ್ಲಲ್ಲಿ ಬಿಟ್ಟುಹೋಗತೊಡಗಿದವು. ರಿಸೀವರ್ ಬರೋದು 9600 ಬಾಡ್‌ನಲ್ಲಿ, ಅಂದರೆ ಸೆಕೆಂಡಿಗೆ 960 ಅಕ್ಷರ. ಜಿಎಸ್‌ವಿ ಮತ್ತಿತರ ಸಾಲುಗಳೆಲ್ಲ ಸೇರಿದರೆ ಒಂದು ಸುತ್ತಿಗೆ 600 ಅಕ್ಷರ ದಾಟುತ್ತದೆ, ಐದು ಸುತ್ತಿಗೆ 3000. ಹಿಡಿಸೋದಾದರೂ ಹೇಗೆ? ಬಾಡ್ ದರವನ್ನು 38400 ಮಾಡಿ, ಜಿಎಸ್‌ವಿ ಸೆಕೆಂಡಿಗೊಮ್ಮೆ ಮಾತ್ರ ಬರುವಂತೆ ಯು-ಬ್ಲಾಕ್ಸ್‌ನವರದೇ ಯು-ಸೆಂಟರ್ ಸಾಫ್ಟ್‌ವೇರ್‌ನಲ್ಲಿ ಹೊಂದಿಸಿದೆ.

ಟ್ಯಾಬ್ಲೆಟ್ ಕಡೆ: ಆಂಡ್ರಾಯ್ಡ್ ಆದರೆ ಡೆವಲಪರ್ ಆಯ್ಕೆಗಳಲ್ಲಿ 'ಮಾಕ್ ಲೊಕೇಶನ್ ಆ್ಯಪ್' ಅಂತ ಇದೆ. ಹೊರಗಿನ ಎನ್‌ಎಂಇಎ ಓದುವ ಆ್ಯಪ್ ಒಂದನ್ನು ಅಲ್ಲಿ ಆರಿಸಿದರೆ ಎಲ್ಲ ನಕ್ಷೆ ಆ್ಯಪ್‌ಗಳಿಗೂ ಆ ಸ್ಥಾನವೇ ಸಿಗುತ್ತದೆ. ಐಪ್ಯಾಡ್‌ನಲ್ಲಿ ಹಾಗಿಲ್ಲ, ವೈಫೈ ಮೂಲಕ ಎನ್‌ಎಂಇಎ ತೆಗೆದುಕೊಳ್ಳುವ ಆ್ಯಪ್‌ನೊಳಗೆ ಮಾತ್ರ ಕೆಲಸ ಮಾಡುತ್ತದೆ. ಸಮುದ್ರ ನಕ್ಷೆಯ ಆ್ಯಪ್ ಓಪನ್‌ಸಿಪಿಎನ್ ಯುಡಿಪಿಯನ್ನು ನೇರ ಓದುತ್ತದೆ. ಡಬ್ಬಿಯ ವೈಫೈನಲ್ಲಿ ಇಂಟರ್ನೆಟ್ ಇಲ್ಲ, ಆದ್ದರಿಂದ ನಕ್ಷೆಗಳನ್ನು ಮೊದಲೇ ಇಳಿಸಿಕೊಂಡಿರಿ. 'ಇಂಟರ್ನೆಟ್ ಇಲ್ಲ, ಆದರೂ ಇದೇ ವೈಫೈನಲ್ಲಿ ಇರು' ಅನ್ನೋ ಆಯ್ಕೆಯನ್ನೂ ಒತ್ತಿ. ಇಲ್ಲದಿದ್ದರೆ ಟ್ಯಾಬ್ಲೆಟ್ ಸುಮ್ನೆ ಬೇರೆ ಕಡೆ ಜಿಗಿಯುತ್ತದೆ.

ಹಂತ 5: ಬೋಟಿನಲ್ಲಿ ಜಾಗ

ಕಾರಿನ ಆ್ಯಪ್ ಸ್ಥಾನವನ್ನು ಹತ್ತಿರದ ರಸ್ತೆಗೆ ಎಳೆದು ಕೂರಿಸುತ್ತದೆ. ಹತ್ತು ಮೀಟರ್ ತಪ್ಪಿದ್ದರೂ ಗೊತ್ತಾಗುವುದಿಲ್ಲ. ನೀರಿನ ಮೇಲೆ ಅಂಥ ರಸ್ತೆ ಇಲ್ಲ. ರಿಸೀವರ್ ಹೇಳಿದ್ದೇ ಪರದೆ ಮೇಲೆ ಬರುತ್ತದೆ. ಕಾರಿನಲ್ಲಿ 'ಚೆನ್ನಾಗಿದೆ' ಅನ್ನಿಸಿದ ರಿಸೀವರ್‌ನ ನಿಜವಾದ ಗುಣ ಗೊತ್ತಾಗೋದು ಬೋಟಿನಲ್ಲೇ. ಹಾಗಾಗಿ ಈ ಹಂತಕ್ಕೆ ಜಾಸ್ತಿ ಸಮಯ ಕೊಟ್ಟೆ.

ಮೊದಲ ಆಯ್ಕೆ ಹಿಂಭಾಗದ ಕಂಬಿ. ತೆರೆದ ಆಕಾಶ, ಸುಲಭ ಜೋಡಣೆ. ಆದರೆ ಇಂಜಿನ್ ಹತ್ತಿರ ಯಾರಾದರೂ ನಿಂತರೆ ಅವರ ಮೈ ಅರ್ಧ ಆಕಾಶ ಮುಚ್ಚುತ್ತದೆ. ನೀರಿನಿಂದ ಪ್ರತಿಫಲಿಸಿ ಬರೋ ಸಿಗ್ನಲ್ ಕೂಡ ಅಲ್ಲಿ ಪಕ್ಕದಿಂದ ನುಗ್ಗುತ್ತದೆ. ಎರಡನೆಯದು ಕಂಬದ ತುದಿ. ಎತ್ತರ ಒಳ್ಳೇದು ಅನ್ನಿಸುತ್ತದೆ ಅಲ್ವಾ? ಬೋಟು ಅತ್ತಿತ್ತ ವಾಲಿದಾಗ ತುದಿ ಮೀಟರುಗಟ್ಟಲೆ ಓಲಾಡುತ್ತದೆ, ರಿಸೀವರ್ ಅದನ್ನು ಬೋಟಿನ ವೇಗ ಅಂತಲೇ ಹೇಳುತ್ತದೆ. ಲಂಗರು ಹಾಕಿ ನಿಂತ ಬೋಟಿನ ವೇಗ 1 ನಾಟ್ ಅಂತ ತೋರಿಸಿತು. ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್.

ಮೂರನೆಯ ಜಾಗ ಚುಕ್ಕಾಣಿಯ ಮುಂದಿನ ಸಣ್ಣ ಹಲಗೆ. ಸಿಗ್ನಲ್ ಚೆನ್ನಾಗಿತ್ತು. ಆದರೆ ದಿಕ್ಸೂಚಿ ಅಲ್ಲಿಂದ ಒಂದು ಗೇಣು ದೂರ. ಆಂಟೆನಾದ ತಳದಲ್ಲಿರೋದು ಅಯಸ್ಕಾಂತ. ಆಂಟೆನಾ ಇಟ್ಟ ಕೂಡಲೇ ದಿಕ್ಸೂಚಿಯ ಮುಖ ನಿಧಾನವಾಗಿ ತಿರುಗಿ ಹದಿನೈದು ಡಿಗ್ರಿಯಷ್ಟು ಆಚೆ ನಿಂತಿತು. ಆಂಟೆನಾ ಎತ್ತಿದೆ, ವಾಪಸ್ ಬಂತು. ಇಟ್ಟೆ, ಮತ್ತೆ ಹೋಯಿತು. ಜಿಪಿಎಸ್ ಕೈಕೊಟ್ಟ ದಿನ ದಾರಿ ತೋರಿಸಬೇಕಾದ ದಿಕ್ಸೂಚಿಯನ್ನು ಜಿಪಿಎಸ್ಸೇ ಕೆಡಿಸಬಾರದು. ಕಡೇಪಕ್ಷ ಒಂದು ಮೀಟರ್ ದೂರ ಇಡಿ. ಇಟ್ಟ ಮೇಲೆ ದಿಕ್ಸೂಚಿಯನ್ನು ನೋಡಿ ಖಚಿತ ಮಾಡಿಕೊಳ್ಳಿ.

ಕೊನೆಗೆ ನಿಂತಿದ್ದು ಕ್ಯಾಬಿನ್ ಚಾವಣಿಯ ಒಳಗಡೆ, ಫೈಬರ್‌ನ ಕೆಳಗೆ. ಫೈಬರ್ ಗ್ಲಾಸ್ ಈ ಸಿಗ್ನಲ್ಲನ್ನು ಹೆಚ್ಚೇನೂ ತಡೆಯುವುದಿಲ್ಲ. ಕಾರ್ಬನ್ ಫೈಬರ್ ಅಥವಾ ಅಲ್ಯೂಮಿನಿಯಂ ಚಾವಣಿ ಆದರೆ ಇದು ನಡೆಯದು. ಆಂಟೆನಾ ಕೆಳಗೆ 100 ಮಿಮೀ ಚೌಕದ ತಗಡು ಇಟ್ಟೆ. ಅಯಸ್ಕಾಂತ ಅದಕ್ಕೆ ಅಂಟಿಕೊಂಡಿತು, ನೀರಿನಿಂದ ಪುಟಿದು ಕೆಳಗಿನಿಂದ ಬರೋ ಸಿಗ್ನಲ್‌ಗೂ ಅದು ಅಡ್ಡ. ಬಲ 43ರಿಂದ 45. ಕಂಬಿಯ ಮೇಲಿದ್ದಾಗಿನಷ್ಟೇ ಇದೆ, ಸ್ಥಾನ ಅಲುಗಾಡೋದು ಅರ್ಧಕ್ಕಿಂತ ಕಡಿಮೆ ಆಗಿದೆ, ಉಪ್ಪುನೀರು ಮುಟ್ಟುವುದೂ ಇಲ್ಲ.

ವಿಎಚ್‌ಎಫ್ ರೇಡಿಯೊದ (ಬೋಟಿನಿಂದ ದಡಕ್ಕೆ, ಬೇರೆ ಬೋಟುಗಳಿಗೆ ಮಾತಾಡುವ ರೇಡಿಯೊ) ಆಂಟೆನಾದಿಂದಲೂ ದೂರ ಇರಲಿ. ಚಾನೆಲ್ 16ರ ತರಂಗ 156.8 ಮೆಗಾಹರ್ಟ್ಸ್. ಅದರ ಹತ್ತು ಪಟ್ಟು 1568. ಜಿಪಿಎಸ್ ಇರೋದು 1575.42ರಲ್ಲಿ. 25 ವ್ಯಾಟ್‌ನಲ್ಲಿ ಮಾತಾಡುವಾಗ ಪಕ್ಕದಲ್ಲೇ ಇದ್ದರೆ ರಿಸೀವರ್ ಕಂಗಾಲಾಗುತ್ತದೆ. ಎರಡರ ನಡುವೆ ಒಂದೂವರೆ ಮೀಟರ್ ಬಿಟ್ಟು, ಮಾತಾಡುವ ಗುಂಡಿ ಒತ್ತಿ ಸಿಗ್ನಲ್ ಬಲ ನೋಡಿದೆ. ಬದಲಾಗಲಿಲ್ಲ.

ಹಂತ 6: ಹಳೆಯ ಪ್ಲಾಟರ್‌ಗೆ ಜೋಡಣೆ

ಇದು ಸುಲಭ ಅಂದುಕೊಂಡಿದ್ದೆ, ಇಲ್ಲೇ ಜಾಸ್ತಿ ಹೊತ್ತು ಸಿಕ್ಕಿಬಿದ್ದೆ. ಪ್ಲಾಟರ್‌ಗೆ ಬೇಕಿರೋದು 4800 ಬಾಡ್, 8 ಬಿಟ್, ಪ್ಯಾರಿಟಿ ಇಲ್ಲ. ಮೊದಲಿಗೆ ಇಎಸ್‌ಪಿ32ರ ಎರಡನೇ ಸೀರಿಯಲ್ ಪೋರ್ಟನ್ನು ತೆರೆದ ಕೂಡಲೇ ಬೋರ್ಡ್ ರೀಸೆಟ್ ಆಯಿತು. ಆ ಪೋರ್ಟ್ ತಾನಾಗಿ ಹಿಡಿಯುವ ಪಿನ್‌ಗಳು 9 ಮತ್ತು 10. ಅವು ಬೋರ್ಡಿನ ಫ್ಲ್ಯಾಶ್ ಮೆಮೊರಿಗೆ ಹೋಗುವ ಪಿನ್‌ಗಳು. ಪ್ರೋಗ್ರಾಂನಲ್ಲಿ ಅದನ್ನು 25 ಮತ್ತು 26ಕ್ಕೆ ಬದಲಿಸಿದರೆ ಸಾಕು.

ಪಿನ್‌ನಿಂದ ನೇರ ಪ್ಲಾಟರ್‌ಗೆ ಕೊಟ್ಟಾಗ ಪ್ಲಾಟರ್‌ನ ಡೇಟಾ ಪುಟದಲ್ಲಿ ಕಸ ಬಂತು. ವೋಲ್ಟೇಜ್ ಸಾಲದು ಅನ್ನೋದು ಮೊದಲ ಅನುಮಾನ. ನಿಜವಾದ ಕಾರಣ ದಿಕ್ಕು. ಇಎಸ್‌ಪಿ32 ಸುಮ್ಮನಿದ್ದಾಗ ವೈರ್ ಮೇಲಿನ ಮಟ್ಟದಲ್ಲಿರುತ್ತದೆ, ಪ್ಲಾಟರ್ ಕೆಳಗಿನ ಮಟ್ಟ ನಿರೀಕ್ಷಿಸುತ್ತದೆ. ಎಲ್ಲ ಬಿಟ್‌ಗಳೂ ಉಲ್ಟಾ ಓದಿಸಿಕೊಳ್ಳುತ್ತವೆ. ಮಧ್ಯೆ ಮ್ಯಾಕ್ಸ್3232 ಹಾಕಿದ ಮೇಲೆ ಸಾಲುಗಳು ಅಚ್ಚುಕಟ್ಟಾಗಿ ಕಂಡವು. ಮ್ಯಾಕ್ಸ್3232ರ ಹೊರಪಿನ್ ಪ್ಲಾಟರ್‌ನ ಎನ್‌ಎಂಇಎ ಪ್ಲಸ್‌ಗೆ, ನೆಲದ ವೈರ್ ಮೈನಸ್‌ಗೆ.

ಸಾಲು ಕಾಣುತ್ತಿದೆ, ಆದರೂ ಸ್ಥಾನ ಇಲ್ಲ. ಈಗಿನ ರಿಸೀವರ್‌ಗಳು ಜಿಪಿಎಸ್ ಜೊತೆ ರಷ್ಯಾದ ಗ್ಲೋನಾಸ್ ಉಪಗ್ರಹಗಳನ್ನೂ ಬಳಸುತ್ತವೆ. ಹಾಗೆ ಬಳಸಿದಾಗ ಸಾಲಿನ ಹೆಸರು 'ಜಿಪಿ' ಬದಲು 'ಜಿಎನ್' ಅಂತ ಶುರುವಾಗುತ್ತದೆ. ಹಳೆಯ ಪ್ಲಾಟರ್‌ಗೆ 'ಜಿಎನ್' ಅಂದರೆ ಯಾರೋ ಅಪರಿಚಿತರು. ಯು-ಸೆಂಟರ್‌ನ ಎನ್‌ಎಂಇಎ ಪುಟದಲ್ಲಿ ಟಾಕರ್ ಐಡಿಯನ್ನು (ಸಾಲಿನ ಈ ಮೊದಲೆರಡು ಅಕ್ಷರ) 'ಜಿಪಿ' ಅಂತ ನಿಗದಿ ಮಾಡಿದೆ. ಮರುಕ್ಷಣ ಪರದೆ ಮೇಲೆ ಬೋಟಿನ ಗುರುತು ಬಂತು, ತಾರೀಖೂ ಇವತ್ತಿನದೇ. ಉಬ್ಬರ ಇಳಿತದ ಪುಟ ಮತ್ತೆ ಕೆಲಸಕ್ಕೆ ಬಂತು.

4800 ಬಾಡ್‌ನಲ್ಲಿ ಸೆಕೆಂಡಿಗೆ 480 ಅಕ್ಷರ ಮಾತ್ರ. ಹಾಗಾಗಿ ಪ್ಲಾಟರ್‌ಗೆ ಸೆಕೆಂಡಿಗೊಮ್ಮೆ ಆರ್‌ಎಂಸಿ, ಜಿಜಿಎ, ವಿಟಿಜಿ ಇಷ್ಟನ್ನೇ ಕಳಿಸುತ್ತೇನೆ. ಸೋಸುವ ಕೆಲಸ ಇಎಸ್‌ಪಿ32ದು. ಬೋಟಿಗೆ ಸೆಕೆಂಡಿಗೊಂದು ಸ್ಥಾನ ಧಾರಾಳ. 5 ನಾಟ್‌ನಲ್ಲಿ ಸೆಕೆಂಡಿಗೆ ಎರಡೂವರೆ ಮೀಟರ್ ಅಷ್ಟೇ ಹೋಗೋದು.

ಹಂತ 7: ಮೋಡ್ ಸ್ವಿಚ್

ಬೋಟಿಗೆ ಅಂತ ರಿಸೀವರನ್ನು 'ಸೀ' ಮೋಡ್‌ಗೆ ಹಾಕಿದ್ದೆ. ಆ ಮೋಡ್‌ನಲ್ಲಿ ಮೇಲೆ ಕೆಳಗೆ ಚಲನೆ ಇಲ್ಲ ಅಂತ ರಿಸೀವರ್ ಊಹಿಸಿಕೊಳ್ಳುತ್ತದೆ, ಸ್ಥಾನ ಸ್ಥಿರವಾಗುತ್ತದೆ. ಡಬ್ಬಿ ಮತ್ತೆ ಕಾರಿಗೆ ಬಂತು. ಬಯಲಿನಲ್ಲಿ ಚೆನ್ನಾಗಿಯೇ ಓಡಿತು. ಘಾಟಿ ಹತ್ತುತ್ತಾ ಒಂದು ಕಡೆ ಸ್ಥಾನ ನಿಂತುಹೋಯಿತು. ಸಿಗ್ನಲ್ ಬಲ 45, ಆಕಾಶ ತೆರೆದಿದೆ, ಆದರೂ ಆರ್‌ಎಂಸಿಯಲ್ಲಿ 'ವಿ'. ಕೇಬಲ್ ಬದಲಿಸಿದೆ, ಆಂಟೆನಾ ಬದಲಿಸಿದೆ, ಏನೂ ಆಗಲಿಲ್ಲ. ಘಾಟಿ ಇಳಿಯುವಾಗ ತಾನಾಗಿ ಸರಿಹೋಯಿತು.

ಲಾಗ್ ತೆಗೆದು ಕೊನೆಯ ಜಿಜಿಎ ಸಾಲಿನ ಎತ್ತರ ನೋಡಿದಾಗ ವಿಷಯ ತಿಳಿಯಿತು: 500 ಮೀಟರ್‌ಗೆ ಸ್ವಲ್ಪ ಕಡಿಮೆ. ಎಂ8 ಚಿಪ್‌ನಲ್ಲಿ ಪ್ರತಿ ಮೋಡ್‌ಗೂ ಎತ್ತರದ ಮಿತಿ ಇದೆ. ಸೀ ಮೋಡ್‌ಗೆ 500 ಮೀಟರ್, ಕಾರಿನ ಮೋಡ್‌ಗೆ 6000, ಸಾಮಾನ್ಯ ಬಳಕೆಯ ಪೋರ್ಟಬಲ್ ಮೋಡ್‌ಗೆ 12000. ಮಿತಿ ದಾಟಿದರೆ ರಿಸೀವರ್ ತಾನು ಲೆಕ್ಕ ಹಾಕಿದ ಸ್ಥಾನವನ್ನು ತಾನೇ ನಂಬುವುದಿಲ್ಲ. ಎತ್ತರದ ಊರಿನ ಕೆರೆ, ಜಲಾಶಯಗಳಲ್ಲಿ ಬೋಟು ಓಡಿಸುವವರು ಇದನ್ನು ನೆನಪಿಡಿ. ಅಲ್ಲಿ ಸೀ ಮೋಡ್ ಬೇಡ, ಪೋರ್ಟಬಲ್ ಹಾಕಿ.

ಅದಕ್ಕೇ ಮೂರು ಸ್ಥಾನದ ಟಾಗಲ್ ಸ್ವಿಚ್: ಮೇಲೆ ಕಾರು, ನಡುವೆ ಪೋರ್ಟಬಲ್, ಕೆಳಗೆ ಸಮುದ್ರ. ಸ್ವಿಚ್‌ನ ವೈರ್‌ಗಳು ಪಿನ್ 27 ಮತ್ತು 33ಕ್ಕೆ. ಇಎಸ್‌ಪಿ32 ಶುರುವಾದಾಗ ಸ್ವಿಚ್ ಓದಿ ರಿಸೀವರ್‌ಗೆ 44 ಬೈಟ್‌ನ ಒಂದು ಆದೇಶ ಕಳಿಸುತ್ತದೆ. ಅದರಲ್ಲಿ ಪೋರ್ಟಬಲ್‌ಗೆ 0, ಕಾರಿಗೆ 4, ಸಮುದ್ರಕ್ಕೆ 5.

ಆದೇಶವನ್ನು ಒಮ್ಮೆ ಕಳಿಸಿ ಸೇವ್ ಮಾಡಿದರೆ ಸಾಲದಾ ಅಂತ ಕೇಳಬಹುದು. ನನ್ನ ಬೋರ್ಡಿನ ಚಿಪ್‌ನಲ್ಲಿ ಫ್ಲ್ಯಾಶ್ ಇಲ್ಲ. ಸೆಟ್ಟಿಂಗ್‌ಗಳು ಪುಟ್ಟ ಬ್ಯಾಟರಿಯ ಬಲದಲ್ಲಿ ಉಳಿದಿರುತ್ತವೆ. ಡಬ್ಬಿ ಕೆಲವು ವಾರ ಸುಮ್ಮನೆ ಬಿದ್ದಿದ್ದರೆ ಬ್ಯಾಟರಿ ಬರಿದಾಗಿ ಎಲ್ಲ ಮರೆತುಹೋಗುತ್ತದೆ, ಬಾಡ್ ದರವೂ 9600ಕ್ಕೆ ಮರಳುತ್ತದೆ. ಆಗ 38400ರಲ್ಲಿ ಕಿವಿಗೊಟ್ಟ ಇಎಸ್‌ಪಿ32ಗೆ ಕಸ ಕೇಳಿಸುತ್ತದೆ. ಈಗಿನ ಪ್ರೋಗ್ರಾಂ ಪ್ರತಿ ಸಲ ಮೊದಲು 9600ರಲ್ಲಿ 'ದರ ಏರಿಸು' ಅನ್ನುತ್ತದೆ, ಆಮೇಲೆ 38400ರಲ್ಲಿ ಉಳಿದ ಎಲ್ಲ ಸೆಟ್ಟಿಂಗ್ ಕಳಿಸುತ್ತದೆ. ಪ್ರತಿ ಆದೇಶಕ್ಕೂ ರಿಸೀವರ್‌ನಿಂದ ಒಪ್ಪಿಗೆಯ ಉತ್ತರ ಬರಬೇಕು. ಎಲ್ಲ ಉತ್ತರ ಬಂದು, ಆರ್‌ಎಂಸಿಯಲ್ಲಿ 'ಎ' ಕಂಡ ಮೇಲೆ ಮಾತ್ರ ಹಸಿರು ದೀಪ ಹತ್ತುತ್ತದೆ. ಈ ದೀಪ ಹಾಕಿದ್ದು ಇಡೀ ಡಬ್ಬಿಯಲ್ಲಿ ನನಗೆ ಅತಿ ಹೆಚ್ಚು ನೆಮ್ಮದಿ ಕೊಟ್ಟ ಕೆಲಸ.

ಹಂತ 8: ಡಬ್ಬಿ ಮುಚ್ಚಿದ್ದು

ಕೇಬಲ್‌ಗಳು ಕೆಳಗಿನಿಂದ ಒಳಗೆ ಬರಲಿ, ಗ್ಲ್ಯಾಂಡ್‌ಗೆ ಮುಂಚೆ ಒಂದು ಬಾಗು ಕೊಡಿ. ನೀರು ಆ ಬಾಗಿನಿಂದ ತೊಟ್ಟಿಕ್ಕಿ ಹೋಗುತ್ತದೆ. ಸಿಲಿಕೋನ್ ಕೊಳ್ಳುವಾಗ ವಿನಿಗರ್ ವಾಸನೆ ಬರೋದನ್ನು ಕೊಳ್ಳಬೇಡಿ. ಅದರಿಂದ ಹೊರಬರುವ ಆಮ್ಲ ತಾಮ್ರವನ್ನು ತಿನ್ನುತ್ತದೆ. 'ನ್ಯೂಟ್ರಲ್ ಕ್ಯೂರ್' ಅಂತ ಬರೆದಿರಬೇಕು. ಎಸ್‌ಎಂಎ ಜೋಡಣೆಗೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ. ಬೋಟಿನ ವೈರ್‌ಗಳು ತವರದ ಲೇಪ ಇರೋವೇ ಆಗಿರಲಿ.

ಎಷ್ಟು ಬಿಗಿಯಾಗಿ ಮುಚ್ಚಿದರೂ ಒಳಗೆ ಬೆವರುತ್ತದೆ. ಹಗಲು ಕಾದ ಗಾಳಿ ರಾತ್ರಿ ತಣ್ಣಗಾಗಿ ಮುಚ್ಚಳದ ಒಳಗಡೆ ಹನಿಗಟ್ಟುತ್ತದೆ. ಬೋರ್ಡುಗಳಿಗೆ ಕನ್‌ಫಾರ್ಮಲ್ ಕೋಟಿಂಗ್ (ತೇವ ತಡೆಯುವ ತೆಳು ಲೇಪ) ಬಳಿದು, ತಳಕ್ಕೆ ಗಾಳಿ ಬಿಟ್ಟು ನೀರು ತಡೆಯುವ ಒಂದು ವೆಂಟ್ ಹಾಕಿದೆ. ಕನೆಕ್ಟರ್‌ಗಳಿಗೆ ಕೋಟಿಂಗ್ ತಾಗದಂತೆ ಟೇಪ್ ಅಂಟಿಸಿಕೊಳ್ಳಿ.

ಹಂತ 9: ಲಂಗರು ಹಾಕಿ ನೋಡಿದ್ದು

ಲಂಗರು ಹಾಕಿ ರಾತ್ರಿಯಿಡೀ ಲಾಗ್ ತೆಗೆದೆ. ಬೋಟು ಹಗ್ಗದ ಉದ್ದಕ್ಕೆ ತೂಗಾಡಿದ ಕಮಾನು ನಕ್ಷೆಯ ಮೇಲೆ ಸ್ಪಷ್ಟವಾಗಿ ಮೂಡಿತ್ತು. ಹೊರಗೆ ಜಿಗಿದ ಚುಕ್ಕೆ ಒಂದೂ ಇಲ್ಲ. ಲಂಗರು ಅಲಾರಂ ಹಾಕುವಾಗ ಹಗ್ಗದ ಉದ್ದಕ್ಕೆ ಬೋಟಿನ ಉದ್ದ ಸೇರಿಸಿ, ಅದರ ಮೇಲೆ ಹತ್ತು ಮೀಟರ್ ಬಿಡಿ. ಲಂಗರು ನೆಲ ಮುಟ್ಟಿದ ಜಾಗವನ್ನೇ ಗುರುತು ಮಾಡಿ. ಹಗ್ಗ ಬಿಟ್ಟಾದ ಮೇಲೆ ಬೋಟು ನಿಂತ ಜಾಗ ಗುರುತು ಮಾಡಿದರೆ ಗಾಳಿ ತಿರುಗಿದಾಗ ಸುಮ್ಮಸುಮ್ಮನೆ ಅಲಾರಂ ಬಡಿಯುತ್ತದೆ.

ಜಿಪಿಎಸ್ ತೋರಿಸುವ ದಿಕ್ಕು ಬೋಟು ಸಾಗುತ್ತಿರೋ ದಿಕ್ಕು, ಮೂತಿ ನೋಡುತ್ತಿರೋ ದಿಕ್ಕಲ್ಲ. ಸೆಳೆತ ಇದ್ದರೆ ಎರಡೂ ಬೇರೆ. ನಿಂತಿದ್ದರೆ ಅಥವಾ ಒಂದು ನಾಟ್‌ಗಿಂತ ನಿಧಾನ ಇದ್ದರೆ ಆ ಸಂಖ್ಯೆಯನ್ನು ನೋಡಲೇಬೇಡಿ, ದಿಕ್ಸೂಚಿ ನೋಡಿ.

ಹಂತ 10: ರೇಡಿಯೊಗೂ ಸ್ಥಾನ

ಇದು ಕೊನೆಗೆ ಸೇರಿಸಿದ್ದು, ಆದರೆ ಮೊದಲೇ ಮಾಡಬೇಕಿದ್ದ ಕೆಲಸ. ಡಿಎಸ್‌ಸಿ (ಡಿಜಿಟಲ್ ಸಂದೇಶವಾಗಿ ಕರೆ ಕಳಿಸುವ ಸೌಲಭ್ಯ) ಇರೋ ವಿಎಚ್‌ಎಫ್ ರೇಡಿಯೊದಲ್ಲಿ ಮುಚ್ಚಳದ ಕೆಳಗೆ ಕೆಂಪು ಗುಂಡಿ ಇರುತ್ತದೆ. ಒತ್ತಿ ಹಿಡಿದರೆ ಚಾನೆಲ್ 70ರಲ್ಲಿ ಅಪಾಯದ ಕರೆ ಹೋಗುತ್ತದೆ. ರೇಡಿಯೊಗೆ ಜಿಪಿಎಸ್ ಸಾಲು ಸಿಗುತ್ತಿದ್ದರೆ ಕರೆಯ ಜೊತೆ ಬೋಟಿನ ಸ್ಥಾನವೂ ಹೋಗುತ್ತದೆ. ಸಿಗದಿದ್ದರೆ ಬರೀ ಬೋಟಿನ ಗುರುತಿನ ಸಂಖ್ಯೆ ಹೋಗುತ್ತದೆ, ಎಲ್ಲಿದ್ದಾರೆ ಅಂತ ಹುಡುಕಬೇಕು. ಪರೀಕ್ಷೆಗೆ ಅಂತ ಆ ಗುಂಡಿಯನ್ನು ಯಾವತ್ತೂ ಒತ್ತಬೇಡಿ.

ಪ್ಲಾಟರ್‌ಗೆ ಹೋಗುತ್ತಿದ್ದ ವೈರಿಗೇ ರೇಡಿಯೊವನ್ನೂ ಸೇರಿಸಿದೆ. ಪ್ಲಾಟರ್ ನಡೆಯಿತು, ರೇಡಿಯೊ ಮಾತ್ರ ಖಾಲಿ. ಎರಡೂ ಸೇರಿ ಎಳೆದಾಗ ವೋಲ್ಟೇಜ್ ಇಳಿಯುತ್ತಿತ್ತು. ಮ್ಯಾಕ್ಸ್3232ರಲ್ಲಿ ಕಳಿಸುವ ದಾರಿಗಳು ಎರಡು ಇವೆ, ಒಂದು ಸುಮ್ಮನೆ ಬಿದ್ದಿತ್ತು. ಎರಡರ ಒಳಪಿನ್‌ಗಳನ್ನೂ ಇಎಸ್‌ಪಿ32ರ ಒಂದೇ ಪಿನ್‌ಗೆ ಕೊಟ್ಟು, ಹೊರಗಡೆ ಪ್ಲಾಟರ್‌ಗೊಂದು, ರೇಡಿಯೊಗೊಂದು ಬೇರೆ ವೈರ್ ಎಳೆದೆ. ರೇಡಿಯೊದ ಪರದೆಯಲ್ಲಿ ಅಕ್ಷಾಂಶ, ರೇಖಾಂಶ ಬಂದವು. ಅವುಗಳ ಪಕ್ಕದ ಸಮಯ ಓಡುತ್ತಿದೆಯಾ ಅಂತಲೂ ನೋಡಿ. ಸಮಯ ನಿಂತಿದ್ದರೆ ಅದು ಹಳೆಯ ಸ್ಥಾನ.

ಒಂದು ಕೆಲಸ ಬಾಕಿ ಇದೆ. ಡಬ್ಬಿಗೂ ರೇಡಿಯೊಗೂ ಈಗ ಬೇರೆ ಬೇರೆ ಸ್ವಿಚ್. ರೇಡಿಯೊ ಆನ್ ಇದ್ದು ಡಬ್ಬಿ ಆಫ್ ಆಗಿರೋ ಸಾಧ್ಯತೆ ಇದೆ, ಅದು ಇರಬಾರದು. ಎರಡನ್ನೂ ಒಂದೇ ಸ್ವಿಚ್‌ಗೆ ತಂದು, ಫ್ಯೂಸ್ ಮಾತ್ರ ಬೇರೆ ಇಡುತ್ತೇನೆ. ವೈರ್ ತಂದಾಗಿದೆ, ಸ್ವಿಚ್ ಹಲಗೆ ಬಿಚ್ಚಬೇಕು.